ಹಳ್ಳದ ದಂಡೆಗೆ ಬೇಲಿಯೋ, ತೊಟ್ಟಿಯೋ, ಕಲ್ಲೋ? ದನ-ಕುರಿ ಇರುವ ಹೊಲದವರಿಗೆ ಒಂದು ಹೋಲಿಕೆ

"ಹಳ್ಳ ವರ್ಷಾ ಹೊಲ ತಿನ್ನಾಕತ್ತೈತ್ರಿ. ಬೇಲಿ ಹಾಕ್ಲೋ, ಕಲ್ಲು ಕಟ್ಟಿಸ್ಲೋ, ಇಲ್ಲಾ ದನಕ್ಕ ಬ್ಯಾರೆ ಕಡೆ ನೀರು ಮಾಡ್ಲೋ?" ಮಳೆ ನಿಂತ ಮೇಲೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಓದುಗರು ಕೇಳುವುದು ಹೆಚ್ಚು ಕಡಿಮೆ ಇದನ್ನೇ. ಕೇಳುವವರಿಗೆ ಐದರಿಂದ ಹದಿನೈದು ಎಕರೆ ಹೊಲ ಇರುತ್ತದೆ. ಒಂದು ಬದಿಗೆ ಹಳ್ಳ. ನಾಲ್ಕಾರು ದನ-ಎಮ್ಮೆ, ಇಲ್ಲವೇ ಒಂದು ಕುರಿ ಹಿಂಡು. ಕೈಯಲ್ಲಿರುವ ದುಡ್ಡು ಒಂದೇ ಕೆಲಸಕ್ಕೆ ಸಾಲುವಂಥದ್ದು. ಹಾಗಾಗಿ ಯಾವುದು ಮೊದಲು ಅನ್ನುವುದೇ ಗೊಂದಲ.

ನನ್ನ ಒಲವು ಎಲ್ಲಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಬಹಳಷ್ಟು ಮನೆಗಳಿಗೆ ಮೊದಲ ಖರ್ಚು ನೀರಿನ ತೊಟ್ಟಿಗೆ, ಎರಡನೆಯದು ಹಳ್ಳಕ್ಕೆ ಇಳಿಯುವ ಒಂದು ಗಟ್ಟಿ ದಾರಿಗೆ. ಬೇಲಿ ಬೇಕಾದಷ್ಟು ಜಾಗಕ್ಕೆ ಮಾತ್ರ. ಕಲ್ಲು ಎಲ್ಲಕ್ಕಿಂತ ಕೊನೆಗೆ. ಆದರೆ ಈ ಸಾಲು ಎಲ್ಲರಿಗೂ ಹೊಂದುವುದಿಲ್ಲ. ನೂರೈವತ್ತು ಕುರಿ ಇರುವವರ ಲೆಕ್ಕ ಬೇರೆ, ಖಾನಾಪುರದ ಮಳೆ ಸೀಮೆಯವರ ಲೆಕ್ಕ ಇನ್ನೂ ಬೇರೆ.

ದಂಡೆ ಬೀಳುವ ಬಗೆ

ನೆರೆ ಬಂದ ದಿನ ದಂಡೆ ಬಿತ್ತು ಅಂತ ನಾವು ಹೇಳುತ್ತೇವೆ. ಎರೆ (ಕಪ್ಪು) ಮಣ್ಣಿನಲ್ಲಿ ಅದು ಜಾಸ್ತಿ ಬೀಳುವುದು ನೀರು ಇಳಿದ ಮೇಲೆ. ಎರೆ ನೀರು ಕುಡಿದು ಉಬ್ಬುತ್ತದೆ, ಭಾರವಾಗುತ್ತದೆ. ಹಳ್ಳ ತುಂಬಿ ಹರಿಯುವಷ್ಟು ಹೊತ್ತು ಆ ನೀರೇ ದಂಡೆಗೆ ಆಸರೆ. ನೀರು ಸರ್ರನೆ ಇಳಿದಾಗ ಆಸರೆ ಹೋಗುತ್ತದೆ. ತೊಯ್ದ ಮಣ್ಣು ದೊಡ್ಡ ಹೆಂಟೆಗಳಾಗಿ ಕಳಚಿ ಬೀಳುತ್ತದೆ. ಎಲ್ಲಿ ಕಳಚಬೇಕು ಅನ್ನುವುದಕ್ಕೆ ಬೇಸಿಗೆಯ ಬಿರುಕುಗಳು ಮೊದಲೇ ಗೆರೆ ಹಾಕಿಟ್ಟಿರುತ್ತವೆ.

ಇದರಲ್ಲಿ ದನದ ಪಾಲು ಎರಡು. ಒಂದು, ಮಣ್ಣು ಹಿಡಿದಿಡುವ ಕರಕಿಯನ್ನು (ಗರಿಕೆ ಹುಲ್ಲನ್ನು) ಬೇರಿನ ತನಕ ಮೇಯುವುದು. ಎರಡು, ಹಸಿ ದಂಡೆಯನ್ನು ತುಳಿದು ಕೆಸರು ಮಾಡುವುದು. ದನ ಇಳಿದ ಜಾಡಿನಲ್ಲೇ ಮಳೆ ನೀರು ಇಳಿಯುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಆ ಜಾಡು ಕೊರಕಲಾಗುತ್ತದೆ, ಕೊರಕಲು ಹೊಲದೊಳಗೆ ಬರುತ್ತದೆ.

ಇಲ್ಲಿ ಗಮನಿಸಬೇಕಾದದ್ದು ದನದ ಸಂಖ್ಯೆಗಿಂತ ಹೊತ್ತು. ಒಣಗಿದ ಎರೆ ದಂಡೆ ತುಳಿತ ತಡೆದುಕೊಳ್ಳುತ್ತದೆ. ಮಾಘದಲ್ಲಿ ಹತ್ತು ಎಮ್ಮೆ ಇಳಿದರೂ ಆಗದ ಹಾನಿ, ಭಾದ್ರಪದದ ಜಡಿಮಳೆಯಲ್ಲಿ ಎರಡೇ ಎಮ್ಮೆ ಇಳಿದರೆ ಆಗುತ್ತದೆ. ವಿಜಯಪುರ, ಬಾಗಲಕೋಟೆಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು. ಅಂದರೆ ದಂಡೆ ಕಾಯಬೇಕಾದ ಕಾಲ ವರ್ಷವಿಡೀ ಅಲ್ಲ. ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ, ಅದರಲ್ಲೂ ಕೊನೆಯ ಎರಡು ತಿಂಗಳು. ಮುಂದೆ ಯಾವ ಉಪಾಯ ತೂಗಿದರೂ ಈ ಐದು ತಿಂಗಳಲ್ಲಿ ಅದು ಎಷ್ಟು ಕೆಲಸಕ್ಕೆ ಬರುತ್ತದೆ ಅಂತಲೇ ತೂಗಬೇಕು.

ಆಯ್ಕೆಗೆ ಮೊದಲು ನೋಡಿಕೊಳ್ಳಬೇಕಾದವು

ಮೊದಲನೆಯದು ನೀರು. ಯುಗಾದಿ ಹೊತ್ತಿಗೆ ನಿಮ್ಮ ದನ ಎಲ್ಲಿ ಕುಡಿಯುತ್ತವೆ? ಬೋರಿನಲ್ಲಾ, ಕೃಷಿ ಹೊಂಡದಲ್ಲಾ, ಇಲ್ಲಾ ಹಳ್ಳದ ಮಡುವೇ ಗತಿಯಾ? ಹಾಲು ಕೊಡುವ ಎಮ್ಮೆಗೆ ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ಬೇಕು. ಎತ್ತು, ಆಕಳಿಗೆ 40ರಿಂದ 60. ಕುರಿಗೆ 4ರಿಂದ 6. ನಾಲ್ಕು ಎಮ್ಮೆ, ಎರಡು ಎತ್ತು, ಮೂವತ್ತು ಕುರಿ ಇದ್ದರೆ ದಿನಕ್ಕೆ 520 ಲೀಟರ್ ಅಂದುಕೊಳ್ಳಿ. ಸಾವಿರ ಲೀಟರಿನ ಸಿಂಟೆಕ್ಸ್ ಟಾಕಿ ಹತ್ತಿರ ಹತ್ತಿರ ಎರಡು ದಿನಕ್ಕೆ ಬರುತ್ತದೆ.

ಎರಡನೆಯದು, ಜಾನುವಾರು ಯಾವುದು. ಖಿಲಾರಿ ಎತ್ತು ಹಳ್ಳಕ್ಕೆ ಇಳಿಯುತ್ತದೆ, ಕುಡಿಯುತ್ತದೆ, ಹತ್ತಿ ಬರುತ್ತದೆ. ಎಮ್ಮೆ ಹಾಗಲ್ಲ. ಅದಕ್ಕೆ ಬೆವರು ಕಡಿಮೆ, ಮೈ ತಣ್ಣಗಾಗಲು ನೀರೇ ಬೇಕು. ಮಡುವಿನಲ್ಲಿ ತಾಸುಗಟ್ಟಲೆ ಮಲಗುತ್ತದೆ, ಅಲ್ಲೇ ಸಗಣಿ ಹಾಕುತ್ತದೆ. ಕೆಳಗಿನ ಊರಿನವರು ಬಳಸುವುದು ಅದೇ ನೀರು. ಕುರಿಗೆ ಕೆಸರು ಇಷ್ಟವಿಲ್ಲ, ನೀರಿನಲ್ಲಿ ನಿಲ್ಲುವುದಿಲ್ಲ. ಆದರೆ ಹುಲ್ಲನ್ನು ನೆಲಕ್ಕೆ ಹತ್ತಿ ಮೇಯುತ್ತದೆ, ಕಡಿದಾದ ದಂಡೆಯಲ್ಲೂ ಜಾಡು ಮಾಡುತ್ತದೆ. ಮೇಕೆ ಇದ್ದರೆ ದಂಡೆಯ ಮೇಲೆ ಸಸಿ ನೆಡುವ ಮಾತು ಬೇಲಿ ಆದ ಮೇಲೆ ಆಡಿದರೆ ಸಾಕು.

ಮೂರನೆಯದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಹಳ್ಳದ ದಂಡೆ ಬಿಡಿಸಿದರೆ ದನ ಎಲ್ಲಿ ಮೇಯಬೇಕು? ಡೋಣಿ ನದಿ ಸಾಲಿನ ಅಪ್ಪಟ ಎರೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತುವವರಿಗೆ ಚಿಂತೆ ಕಡಿಮೆ. ಬಿತ್ತನೆ ಸೆಪ್ಟೆಂಬರ್ ಕೊನೆಗೆ. ಅಲ್ಲಿಯ ತನಕ ಹೊಲ ಖಾಲಿ, ನಡುನಡುವೆ ಹರಗಿದರೂ ಮೇಯಲು ಏನೋ ಇರುತ್ತದೆ. ಆದರೆ ಈಗ ತೊಗರಿ ಎಲ್ಲ ಕಡೆ ಬಂದಿದೆ. ಮುಂಗಾರಿಗೆ ಹೆಸರು, ಸಜ್ಜೆ, ತೊಗರಿ ಬಿತ್ತಿದ ಊರುಗಳಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ತೆರೆದಿರುವ ಜಾಗ ಎರಡೇ: ರಸ್ತೆಯ ಅಂಚು, ಹಳ್ಳದ ದಂಡೆ. ದಂಡೆ ಯಾವಾಗ ಹಸಿ ಇರುತ್ತದೋ ಆಗಲೇ ದನ ಅಲ್ಲಿರುತ್ತವೆ. ಕಬ್ಬಿನ ವಾಡೆ (ಕಡಿದ ಕಬ್ಬಿನ ತುದಿಯ ಹಸಿ ಗರಿ) ಇದೆಯಲ್ಲ ಅಂತ ಮುಧೋಳ, ಗೋಕಾಕ, ರಾಯಬಾಗ ಕಡೆಯವರು ಹೇಳಬಹುದು. ವಾಡೆ ಬರುವುದು ಕಾರ್ಖಾನೆ ಶುರುವಾದ ಮೇಲೆ. ಅಷ್ಟು ಹೊತ್ತಿಗೆ ದಂಡೆ ಒಣಗಲು ಶುರುವಾಗಿರುತ್ತದೆ. ಹಾಗಾಗಿ ಮುಂಗಾರಿನ ಮೇವು ಇಲ್ಲದೆ ಯಾವ ಉಪಾಯವೂ ನಿಲ್ಲುವುದಿಲ್ಲ.

ಇನ್ನು ದಂಡೆಯನ್ನೇ ಒಮ್ಮೆ ನಡೆದು ನೋಡಿ. ಹಳ್ಳ ತಿರುಗುವ ಜಾಗದಲ್ಲಿ ನೀರು ಹೊರಬದಿಗೆ ಬಡಿಯುತ್ತದೆ, ಒಳಬದಿಗೆ ಉಸುಕು ಬಿಡುತ್ತದೆ. ನಿಮ್ಮ ಹೊಲ ಹೊರಬದಿಗೆ ಇದ್ದರೆ ತೊಂದರೆ ಜಾಸ್ತಿ. ದಂಡೆ ಆಳೆತ್ತರಕ್ಕಿಂತ ಹೆಚ್ಚಿದ್ದು, ಗೋಡೆಯ ಹಾಗೆ ನೆಟ್ಟಗೆ ನಿಂತಿದ್ದರೆ ಬರೀ ಹುಲ್ಲಿನ ಬೇರು ಹಿಡಿಯಲಾರದು.

ಜಾಗ ಯಾರದು ಅನ್ನುವುದೂ ಮುಖ್ಯ. ಹಳ್ಳದ ಪಾತ್ರ ಸರ್ಕಾರದ್ದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಹಾಗೇ ಹೇಳುತ್ತದೆ. ಪಹಣಿಯಲ್ಲಿ ಬಿ ಖರಾಬು ಅಂತ ಇರುವ ಗುಂಟೆಗಳು ಸಾರ್ವಜನಿಕರ ಬಳಕೆಗೆ ಬಿಟ್ಟವು. ಅಲ್ಲಿ ನೀವು ಬೇಲಿ ಹಾಕುವಂತಿಲ್ಲ. ನಕ್ಷೆ ನೋಡಿ, ನಿಮ್ಮ ಹದ್ದು ಎಲ್ಲಿಗೆ ಮುಗಿಯುತ್ತದೆ ಅಂತ ಗೊತ್ತು ಮಾಡಿಕೊಂಡೇ ಕಂಬ ತರಿಸಿ. ಹಳ್ಳ ಸರಿದು ಹರಿಯುತ್ತಿದ್ದರೆ ಸರ್ವೇಯರ್ ಇಲ್ಲದೆ ಈ ಜಗಳ ಹರಿಯುವುದಿಲ್ಲ.

ನೀರಿನ ತೊಟ್ಟಿ

ದನ ಹಳ್ಳಕ್ಕೆ ಇಳಿಯಲು ಮುಖ್ಯ ಕಾರಣ ನೀರಡಿಕೆ. ಮೇಲೆಯೇ ಒಳ್ಳೆಯ ನೀರು ಸಿಕ್ಕರೆ ಇಳಿಯುವುದು ತಾನಾಗಿ ಕಡಿಮೆಯಾಗುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿ 1990ರ ದಶಕದಲ್ಲಿ ಇದನ್ನು ಅಳೆದು ನೋಡಿದ್ದರು. ಹೊಳೆಗೆ ಬೇಲಿ ಹಾಕದೆ, ಹುಲ್ಲುಗಾವಲಿನಲ್ಲಿ ಒಂದು ತೊಟ್ಟಿ ಇಟ್ಟರು. ದನಗಳು ನೂರಕ್ಕೆ 92 ಸಲ ತೊಟ್ಟಿಯಲ್ಲೇ ಕುಡಿದವು. ದಂಡೆಯ ಸವಕಳಿ ನೂರಕ್ಕೆ 77ರಷ್ಟು ಇಳಿಯಿತು.

ಆ ಅಂಕಿಯನ್ನು ಹಾಗೇ ತಂದು ನಮ್ಮ ಹೊಲಕ್ಕೆ ಅಂಟಿಸಬೇಡಿ. ಅಲ್ಲಿ ಹುಲ್ಲು ಎಲ್ಲ ಕಡೆ ಇರುತ್ತದೆ. ನಮ್ಮಲ್ಲಿ ಫೆಬ್ರವರಿ ದಾಟಿದರೆ ಹಸಿರು, ನೆರಳು ಎರಡೂ ಹಳ್ಳದ ಸಾಲಿನಲ್ಲೇ. ಆದ್ದರಿಂದ ತೊಟ್ಟಿಯನ್ನು ಬೇವಿನ ಮರದ ಹತ್ತಿರ ಕಟ್ಟಿ. ಮರವಿಲ್ಲದಿದ್ದರೆ ತಗಡಿನದೋ ಗರಿಯದೋ ಒಂದು ಚಪ್ಪರ ಹಾಕಿ. ಬಿಸಿಲಿಗೆ ಕಾದ ನೀರಿಗಿಂತ ಮಡುವಿನ ನೀರೇ ವಾಸಿ ಅಂತ ದನಕ್ಕೂ ಗೊತ್ತು. ಜಾಗ ಎತ್ತರದ್ದಾಗಿರಲಿ, ದಂಡೆಯಿಂದ ದೂರ ಇರಲಿ. ಸುತ್ತ ಐದಾರು ಅಡಿ ಗರಸು (ಸಣ್ಣ ಕಲ್ಲಿನ ಮಣ್ಣು) ಹಾಕಿಸಿ. ಇಲ್ಲದಿದ್ದರೆ ಹಳ್ಳದ ಕೆಸರನ್ನು ತೊಟ್ಟಿಯ ಬುಡಕ್ಕೆ ತಂದಂತಾಗುತ್ತದೆ.

ಖರ್ಚು ಹೆಚ್ಚೇನಲ್ಲ. ಟಾಕಿ, ಬಾಲ್ ವಾಲ್, ಪೈಪು, ಮತ್ತೆ ಇಟ್ಟಿಗೆ-ಸಿಮೆಂಟಿನ ತೊಟ್ಟಿ ಅಥವಾ ಬಾವಿಗೆ ಹಾಕುವ ಸಿಮೆಂಟ್ ರಿಂಗು. ಪಂಪ್‌ಸೆಟ್ಟಿಗೆ ತ್ರಿಫೇಸ್ ಕರೆಂಟು ದಿನಕ್ಕೆ ಏಳು ತಾಸು ಅನ್ನುವುದು ಸರ್ಕಾರದ ಲೆಕ್ಕ, ಅದೂ ಒಮ್ಮೊಮ್ಮೆ ರಾತ್ರಿ. ಹಾಗಾಗಿ ಟಾಕಿ ಬಿಟ್ಟು ಬರೀ ತೊಟ್ಟಿ ಕಟ್ಟಬೇಡಿ. ತಳದಲ್ಲಿ ಒಂದು ತೂಬು ಇರಲಿ, ವಾರಕ್ಕೊಮ್ಮೆ ಖಾಲಿ ಮಾಡಿ ಪಾಚಿ ತಿಕ್ಕಬೇಕು.

ಬೋರು ಇಲ್ಲದವರು ಕೃಷಿ ಹೊಂಡದಿಂದ ಪೈಪಿನಲ್ಲಿ ನೀರು ತರಬಹುದು. ದನವನ್ನೇ ಹೊಂಡಕ್ಕೆ ಬಿಡುವ ಯೋಚನೆ ಬೇಡ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬಿದ್ದ ಕರು ಹತ್ತಿ ಬರಲಾರದು. ಹೊಂಡವೂ ಇಲ್ಲದಿದ್ದರೆ ಮಡುವಿನ ನೀರನ್ನೇ ಸಣ್ಣ ಪಂಪಿನಿಂದ ಮೇಲಿನ ಟಾಕಿಗೆ ಎತ್ತಬಹುದು. ಡೋಣಿ ದಂಡೆಯವರಿಗೆ ಮಾತ್ರ ಇದು ಸರಿಬರುವುದಿಲ್ಲ. ಬೇಸಿಗೆಯಲ್ಲಿ ಡೋಣಿಯ ನೀರು ಉಪ್ಪಾಗುತ್ತದೆ.

ತೊಟ್ಟಿಗೆ ಬಗ್ಗದಿರುವುದು ಎಮ್ಮೆ. ಕುಡಿಯಲು ತೊಟ್ಟಿಗೆ ಬರುತ್ತದೆ, ಮಲಗಲು ಮಡುವಿಗೇ ಹೋಗುತ್ತದೆ. ದನದ ಮನೆಯಲ್ಲಿ ಮಧ್ಯಾಹ್ನ ಎರಡು ಸಲ ಪೈಪಿನಿಂದ ಮೈ ತೊಯಿಸುವವರಿಗೆ ಈ ಕಾಟ ಕಡಿಮೆ. ಅದಕ್ಕೆ ಮನೆಯಲ್ಲಿ ಒಬ್ಬರು ಇರಬೇಕು, ನೀರೂ ಇರಬೇಕು.

ಇನ್ನೊಂದು ಲಾಭ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ಜವುಗು ದಂಡೆಯ ಬಸವನಹುಳುಗಳಿಂದ ಯಕೃತ್ತಿನ ಹುಳು ಜಾನುವಾರಿಗೆ ಹರಡುತ್ತದೆ. ಕುರಿ ಬಡಕಲಾಗಿ, ದವಡೆ ಕೆಳಗೆ ನೀರು ತುಂಬಿದ ಬಾವು ಬರುತ್ತದಲ್ಲ, ಅದಕ್ಕೆ ಈ ಹುಳು ಒಂದು ಮುಖ್ಯ ಕಾರಣ. ತೊಟ್ಟಿಯ ನೀರು ಕುಡಿದು ಒಣ ಜಾಗದಲ್ಲಿ ಮೇಯ್ದ ಹಿಂಡಿಗೆ ಈ ಕಾಟ ಕಡಿಮೆ.

ಇಳಿಯುವ ದಾರಿ

ತೊಟ್ಟಿಗೆ ನೀರೇ ಇಲ್ಲ, ಹಳ್ಳವೇ ಗತಿ ಅನ್ನುವವರು ಇಲ್ಲಿಂದ ಶುರು ಮಾಡಲಿ. ಇಡೀ ದಂಡೆಯುದ್ದ ಹತ್ತು ಕಡೆ ಇಳಿಯುವ ಬದಲು ಒಂದೇ ಕಡೆ ಇಳಿಸುವುದು, ಆ ಒಂದು ಜಾಗವನ್ನು ಗಟ್ಟಿ ಮಾಡುವುದು. ಇಷ್ಟೇ ಕೆಲಸ.

ಜಾಗ ಆರಿಸುವುದರಲ್ಲೇ ಅರ್ಧ ಗೆಲುವು. ಹಳ್ಳ ನೇರ ಹರಿಯುವ ಕಡೆ, ಇಲ್ಲವೇ ತಿರುವಿನ ಒಳಬದಿಗೆ ಮಾಡಿ. ಹೊರತಿರುವಿನಲ್ಲಿ ಮಾಡಿದರೆ ಮೊದಲ ನೆರೆಗೇ ಕೊಚ್ಚಿ ಹೋಗುತ್ತದೆ. ದಾರಿ ಹಳ್ಳಕ್ಕೆ ನೆಟ್ಟಗೆ ಬೇಡ, ನೀರು ಹರಿಯುವ ದಿಕ್ಕಿಗೆ ಸ್ವಲ್ಪ ಓರೆಯಾಗಿ ಇಳಿಯಲಿ. ಎತ್ತರ ಒಂದಡಿ ಇಳಿಯಲು ಉದ್ದ ಆರಡಿ ಬಿಡಿ. ಆರಡಿ ದಂಡೆಗೆ 36 ಅಡಿ ಉದ್ದದ ಇಳಿಜಾರು. ಅಗಲ ಹತ್ತು-ಹನ್ನೆರಡು ಅಡಿ ಸಾಕು. ಜಾಸ್ತಿ ಅಗಲ ಮಾಡಿದರೆ ದನ ಅಲ್ಲೇ ಠಿಕಾಣಿ ಹೂಡುತ್ತವೆ.

ಬರೀ ಗರಸು ಸುರಿದು ಬಿಟ್ಟರೆ ಎರೆ ಅದನ್ನು ಒಂದೇ ಮಳೆಗಾಲದಲ್ಲಿ ನುಂಗುತ್ತದೆ. ಮೊದಲು ಒಂದಡಿ ಎರೆ ತೆಗೆಸಿ. ತಳಕ್ಕೆ ದೊಡ್ಡ ಕಲ್ಲು ಒತ್ತೊತ್ತಾಗಿ ಕೂಡಿಸಿ, ಮೇಲೆ ಗರಸು ಹಾಕಿ ಗಟ್ಟಿ ಮಾಡಿ. ಬಾದಾಮಿ, ಗುಳೇದಗುಡ್ಡ, ಹುನಗುಂದ ಕಡೆಯವರಿಗೆ ಕಲ್ಲು ಹತ್ತಿರ. ಇಂಡಿ, ಸಿಂದಗಿಯ ಎರೆ ಬಯಲಿನವರಿಗೆ ಕಲ್ಲಿನ ಬೆಲೆಗಿಂತ ಟ್ರ್ಯಾಕ್ಟರ್ ಬಾಡಿಗೆ ಜಾಸ್ತಿ ಬೀಳಬಹುದು. ದಾರಿಯ ತಲೆಯಲ್ಲಿ ಒಂದು ಸಣ್ಣ ಅಡ್ಡ ಬದು ಹಾಕಿ, ಹೊಲದ ಮಳೆ ನೀರು ಆ ದಾರಿಯಲ್ಲೇ ಇಳಿಯದಂತೆ ತಿರುಗಿಸಿ. ಈ ಬದು ಮರೆತರೆ ನೀವು ದುಡ್ಡು ಕೊಟ್ಟು ಕೊರಕಲು ಮಾಡಿಸಿದ ಹಾಗೆ.

ಹಳೆಯ ಜಾಡುಗಳನ್ನು ಬಳ್ಳಾರಿ ಜಾಲಿಯ ಕಂಟಿ ಎಳೆದು ಮುಚ್ಚಿ. ಪುಕ್ಕಟೆ ಬೇಲಿ.

ಬೇಲಿ

ದಂಡೆ ಬೇಗ ಸುಧಾರಿಸುವುದು ಬೇಲಿಯಿಂದಲೇ, ಅದರಲ್ಲಿ ಎರಡು ಮಾತಿಲ್ಲ. ದನ, ಮೇಕೆ ಮುಟ್ಟದಿದ್ದರೆ ಕರಕಿ ತಾನಾಗಿ ಹಬ್ಬುತ್ತದೆ. ಲಕ್ಕಿ, ಹೊಂಗೆ, ಹೊಳೆಮತ್ತಿ, ಅತ್ತಿ ಬೇರು ಬಿಡಲು ಆಸ್ಪದವಾಗುತ್ತದೆ. ಆದರೆ ಬೆಲೆ ದೊಡ್ಡದು, ಬರೀ ದುಡ್ಡಿನದಲ್ಲ.

200 ಮೀಟರ್ ದಂಡೆ ಅಂದುಕೊಳ್ಳಿ. ಮೂರು ಮೀಟರಿಗೆ ಒಂದು ಕಲ್ಲು ಕಂಬದಂತೆ ಹತ್ತಿರ ಹತ್ತಿರ 70 ಕಂಬ. ನಾಲ್ಕು ಎಳೆ ಮುಳ್ಳುತಂತಿಗೆ 800 ಮೀಟರ್ ತಂತಿ. ಬೇಲಿಯನ್ನು ದಂಡೆಯ ತುದಿಗೇ ಹಾಕುವಂತಿಲ್ಲ. ದಂಡೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ಹಿಂದೆ, ಹೊರತಿರುವಿನಲ್ಲಿ ಅದರ ದುಪ್ಪಟ್ಟು. ಐದು ಮೀಟರ್ ಹಿಂದೆ ಸರಿದರೆ 200 ಮೀಟರಿಗೆ 10 ಗುಂಟೆ ಜಾಗ ಬೇಲಿಯ ಆಚೆ ಹೋಗುತ್ತದೆ. ಆರೆಕರೆಯವನಿಗೆ 10 ಗುಂಟೆ ಸಣ್ಣ ಮಾತಲ್ಲ. ಅದರಲ್ಲಿ ಮೇವು ಬೆಳೆದು ಕೊಯ್ದುಕೊಳ್ಳುವುದಾದರೆ ಮಾತ್ರ ಲೆಕ್ಕ ಹೊಂದುತ್ತದೆ.

ಹಳ್ಳಕ್ಕೆ ಅಡ್ಡಲಾಗಿ ಮಾತ್ರ ಎಂದೂ ಬೇಲಿ ಹಾಕಬೇಡಿ. ನೆರೆಯಲ್ಲಿ ಬಂದ ಕಂಟಿ, ಕಬ್ಬಿನ ರವದಿ ತಂತಿಗೆ ಸಿಕ್ಕಿ ಒಡ್ಡಾಗುತ್ತದೆ. ನೀರು ಪಕ್ಕಕ್ಕೆ ತಿರುಗಿ ದಂಡೆ ಕೊರೆಯುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭಾ, ಮಲಪ್ರಭಾ ಉಕ್ಕಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೋಲಾರ್ ಬೇಲಿ ಕಂಬ, ತಂತಿ ಎರಡರಲ್ಲೂ ಅಗ್ಗ. ನೆರೆಗೆ ಮುಂಚೆ ಬಿಚ್ಚಿ ಸುತ್ತಿಡಬಹುದು, ಎತ್ತು-ಎಮ್ಮೆ ಎರಡೇ ದಿನದಲ್ಲಿ ಕಲಿಯುತ್ತವೆ. ಆದರೆ ಕುರಿಗೆ ಉಣ್ಣೆಯೇ ಕವಚ, ಶಾಕ್ ಸರಿಯಾಗಿ ತಗಲುವುದಿಲ್ಲ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಝಟಕಾ ಇಳಿಯುತ್ತದೆ, ಮಳೆಗಾಲದಲ್ಲಿ ಪದೇ ಪದೇ ಸವರಬೇಕು. ಯಂತ್ರ ಬಿಟ್ಟು ನೇರ ಲೈನಿನಿಂದ ಕರೆಂಟು ಕೊಡುವುದು ಕೊಲೆಗೆ ಸಮ, ಕಾನೂನಿನಲ್ಲೂ ಅಪರಾಧ.

ಕತ್ತಾಳೆ, ಕಳ್ಳಿಯ ಜೀವಂತ ಬೇಲಿ ನಮ್ಮ ಹಿರಿಯರ ಉಪಾಯ. ಖರ್ಚು ಬರೀ ಕೂಲಿ. ಗಟ್ಟಿಯಾಗಲು ಮೂರ್ನಾಲ್ಕು ವರ್ಷ ಬೇಕು. ದುಡ್ಡಿಲ್ಲದೆ ತಾಳ್ಮೆ ಇರುವವರಿಗೆ ನಾನು ಇದನ್ನೇ ಹೇಳುವುದು.

ಊರ ಹಿಂಡಿನ ವಿಷಯಕ್ಕೆ ಬಂದರೆ, "ನೀವು ಬೇಲಿ ಹಾಕಿದ್ರ ನಾವು ಕುರಿ ಎಲ್ಲಿ ಇಳಸ್ಬೇಕ್ರಿ?" ಅನ್ನುವ ಕುರುಬರ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಕಂಬ ನೆಡಿ. ಹಿಂದಿನಿಂದ ನೀರಿಗೆ ಇಳಿಯುತ್ತಿದ್ದ ದಾರಿ ಮುಚ್ಚಿದರೆ ತಂತಿ ಉಳಿಯುವುದಿಲ್ಲ. ಹಿಂಗಾರಿ ಕಟಾವಾದ ಮೇಲೆ ಗೊಬ್ಬರಕ್ಕೆ ಅಂತ ಅದೇ ಕುರಿ ಹಟ್ಟಿಯನ್ನು ನಿಮ್ಮ ಹೊಲಕ್ಕೆ ಕರೆಯುವವರೂ ನೀವೇ ಅಲ್ವಾ?

ಹೊತ್ತು ನೋಡಿ ಮೇಯಿಸುವುದು

ಇದಕ್ಕೆ ದುಡ್ಡು ಬೇಡ, ಕಾಯುವ ಮನುಷ್ಯ ಬೇಕು. ಜೂನ್‌ನಿಂದ ಅಕ್ಟೋಬರ್ ತನಕ ದಂಡೆಗೆ ಬಿಡದಿರುವುದು. ನವೆಂಬರ್ ಬಂದ ಮೇಲೆ ದಂಡೆಯನ್ನು ಮೂರ್ನಾಲ್ಕು ತುಂಡು ಮಾಡಿಕೊಂಡು, ಒಂದೊಂದು ತುಂಡನ್ನು ಕೆಲವೇ ದಿನ ಮೇಯಿಸಿ ಮುಂದೆ ಹೋಗುವುದು. ಹುಲ್ಲು ಅರ್ಧ ಗೇಣಿಗೆ ಇಳಿದರೆ ಆ ತುಂಡು ಸಾಕು. ಮಳೆ ಬಂದ ಮರುದಿನ ಬಿಡಬಹುದಾ ಅನ್ನುವುದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಒಂದು ಎತ್ತನ್ನು ನಡೆಸಿ ನೋಡಿ. ಗೊರಸು ಎರಡು ಬೆರಳಿಗಿಂತ ಆಳಕ್ಕೆ ಇಳಿದರೆ ಬಿಡಬೇಡಿ.

ಹಿಂಗಾರಿ ಹೊಲದವರಿಗೆ, ಸ್ವಂತ ಹಿಂಡು ತಾವೇ ಕಾಯುವವರಿಗೆ ಇದಕ್ಕಿಂತ ಅಗ್ಗದ್ದು ಬೇರೆ ಇಲ್ಲ. ದನ ಬಿಟ್ಟು ಮನೆಗೆ ಬಂದು ಸಂಜೆ ಹೊಡೆದುಕೊಂಡು ಬರುವವರಿಗೆ ಇದು ಕಾಗದದ ಮೇಲಿನ ಮಾತು.

ಕೊಯ್ದು ಹಾಕುವುದು

ದಂಡೆಯ ಮೇಲ್ಭಾಗದಲ್ಲಿ ಮೇವಿನ ಹುಲ್ಲು ಬೆಳೆದು, ಕೊಯ್ದು ತಂದು ಹಾಕುವುದು. ಮುಂಗಾರಿನ ಮೇವಿನ ಪ್ರಶ್ನೆಗೆ ಇದೇ ಒಳ್ಳೆಯ ಉತ್ತರ. ನೇಪಿಯರ್ ಬೇಗ ಬೆಳೆಯುತ್ತದೆ, ಆದರೆ ಬೇಸಿಗೆಯಲ್ಲಿ ನೀರು ಕೇಳುತ್ತದೆ. ಅದನ್ನು ನೀರಿನ ಅಂಚಿಗೆ ಹಚ್ಚಬೇಡಿ, ನೆರೆಗೆ ಬುಡಸಮೇತ ಕಿತ್ತು ಹೋಗುತ್ತದೆ. ಅಂಚಿಗೆ ಲಾವಂಚ ಸರಿ. ಅದರ ಬೇರು ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರ್ ತನಕ ಇಳಿಯುತ್ತದೆ, ಎಳೆಯ ಗರಿಯನ್ನು ದನ ತಿನ್ನುತ್ತವೆ. ಜಮಖಂಡಿ, ಅಥಣಿ ಕಡೆಯ ಸವಳು-ಜವಳು ಜಾಗದಲ್ಲಿ ನೇಪಿಯರ್ ಹಿಂದೆ ಬೀಳುತ್ತದೆ. ಅಲ್ಲಿ ಕರಕಿಯನ್ನೇ ನೆಚ್ಚಿಕೊಳ್ಳಿ, ಮರ ಬೇಕಾದರೆ ಕರಿಜಾಲಿ. ಮೇವಿನ ಬೇರು-ತುಂಡುಗಳಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಅಲ್ಲೇ ಇರುವ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ವಿಜಯಪುರ ಹತ್ತಿರದ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಇವೆಲ್ಲ ಕೇಳಬಹುದಾದ ಕಡೆಗಳು.

ಒಂದು ಎಚ್ಚರಿಕೆ. ಜವುಗಿನಲ್ಲಿ ನಿಂತ ಹುಲ್ಲನ್ನು ಹಸಿಯಾಗಿ ಕೊಯ್ದು ಹಾಕಿದರೆ ಯಕೃತ್ತಿನ ಹುಳುವೂ ಹೊರೆಯ ಜೊತೆ ಕೊಟ್ಟಿಗೆಗೆ ಬರುತ್ತದೆ. ನೀರು ನಿಲ್ಲುವ ಗೆರೆಯ ಮೇಲಿನದನ್ನೇ ಕೊಯ್ಯಿರಿ. ಕೆಳಗಿನದು ಬೇಕೇ ಬೇಕಾದರೆ ಬಿಸಿಲಿಗೆ ಚೆನ್ನಾಗಿ ಒಣಗಿಸಿ.

ಕಲ್ಲು, ಜೆಸಿಬಿ, ಚೆಕ್ ಡ್ಯಾಂ

ಜನ ಮೊದಲು ಕೇಳುವುದು ಇದನ್ನೇ, ನಾನು ಕೊನೆಗೆ ಇಟ್ಟಿದ್ದೇನೆ. ಕಲ್ಲಿನ ಒಡ್ಡು ಹಾಕಿದರೆ ನೀರಿನ ಏಟು ಎದುರು ದಂಡೆಗೆ ಹೋಗುತ್ತದೆ. ಎದುರು ದಂಡೆಯವರು ನಿಮ್ಮ ಬೀಗರೇ ಆಗಿದ್ದರೂ ಸುಮ್ನೆ ಇರುವುದಿಲ್ಲ. ಎರೆ ಮಣ್ಣಿನ ದಂಡೆಗೆ ಚೆಕ್ ಡ್ಯಾಂ ಕಟ್ಟಿ, ಪಕ್ಕದ ರೆಕ್ಕೆ ಗೋಡೆಯನ್ನು ದಂಡೆಯೊಳಗೆ ಸಾಕಷ್ಟು ಒಯ್ಯದಿದ್ದರೆ ನೀರು ಪಕ್ಕದಿಂದ ಸುತ್ತಿ ಹರಿಯುತ್ತದೆ. ಒಡ್ಡು ನಡುವೆ ಒಂಟಿಯಾಗಿ ನಿಂತಿರುತ್ತದೆ, ಹಳ್ಳ ನಿಮ್ಮ ಹೊಲದಲ್ಲಿ ಹರಿಯುತ್ತಿರುತ್ತದೆ.

ಜೆಸಿಬಿಯಿಂದ ಹಳ್ಳ ನೇರ ಮಾಡುವುದು, ಆಳ ಮಾಡುವುದು ಅದಕ್ಕಿಂತ ಕೆಟ್ಟದ್ದು. ನೇರವಾದರೆ ನೀರಿನ ಓಟ ಹೆಚ್ಚುತ್ತದೆ. ಆಳವಾದರೆ ದಂಡೆಯ ಎತ್ತರ ಹೆಚ್ಚುತ್ತದೆ. ಎರಡೂ ಸೇರಿದರೆ ಕುಸಿತ ಗ್ಯಾರಂಟಿ. ಉಸುಕು ತೆಗೆದರೂ ಇದೇ ಕಥೆ. ಬಳ್ಳಾರಿ ಜಾಲಿಯನ್ನು ಬೇರುಸಮೇತ ಒಂದೇ ಸಲ ಕೀಳಿಸುವುದೂ ಬೇಡ. ಬಿಟ್ಟು ಬಿಟ್ಟು ಪಟ್ಟೆಯಾಗಿ ಬುಡಕ್ಕೆ ಕಡಿದು, ನಡುವೆ ಹೊಂಗೆ, ಲಕ್ಕಿ ಹಚ್ಚಿ, ಅವು ಹಿಡಿದ ಮೇಲೆ ಉಳಿದದ್ದನ್ನು ತೆಗೆಯಿರಿ. ಅದರ ಕಾಯಿ ತಿಂದ ಕುರಿಯ ಹಿಕ್ಕೆಯಲ್ಲಿ ಬೀಜ ಮತ್ತೆ ಮತ್ತೆ ಬರುತ್ತದೆ, ಅದಕ್ಕೆ ಪೂರ್ತಿ ಮುಕ್ತಿ ಇಲ್ಲ.

ಜೆಸಿಬಿ ಕೆಲಸಕ್ಕೆ ಬರುವುದು ಒಂದು ಕಡೆ. ಗೋಡೆಯಂತೆ ನಿಂತ ಎತ್ತರದ ದಂಡೆಯನ್ನು ಎತ್ತರ ಒಂದಡಿಗೆ ಉದ್ದ ಎರಡಡಿಯ ಇಳಿಜಾರಿಗೆ ತರುವಾಗ. ಏಪ್ರಿಲ್-ಮೇನಲ್ಲಿ ಇಳಿಜಾರು ಮಾಡಿ, ಮೊದಲ ಹದ ಮಳೆಗೇ ಕರಕಿ, ಲಾವಂಚ ಹಚ್ಚಬೇಕು. ಬುಡಕ್ಕೆ ಮಾತ್ರ ಕಲ್ಲು. ದಂಡೆಯ ಮೇಲೆ ಮನೆ, ಬೋರು ಅಥವಾ ದಾರಿ ಇದ್ದರೆ ಕಲ್ಲು ತುಂಬಿದ ತಂತಿ ಬುಟ್ಟಿಗಳು ಬೇಕಾಗಬಹುದು. ಅದು ಎಂಜಿನಿಯರ್ ನೋಡಿ ಮಾಡುವ ಕೆಲಸ, ಪಂಚಾಯಿತಿ ಮೂಲಕ ಹೋಗುವುದು ಮೇಲು.

ಯಾರಿಗೆ ಯಾವುದು

ಮುಧೋಳ, ಬೀಳಗಿ, ಗೋಕಾಕ ಕಡೆ ಬೋರು, ಕಬ್ಬು, ನಾಲ್ಕಾರು ಎಮ್ಮೆ ಇರುವ ಮನೆಗೆ: ತೊಟ್ಟಿ, ಕೊಟ್ಟಿಗೆಯಲ್ಲಿ ಮೈ ತೊಯಿಸುವ ವ್ಯವಸ್ಥೆ, ಹತ್ತು ಗುಂಟೆ ನೇಪಿಯರ್. ಎಮ್ಮೆ ಮಲಗುವ ಮಡುವಿನ ಹತ್ತಿರ ದಂಡೆ ಬೀಳುತ್ತಿದ್ದರೆ ಅಲ್ಲಿಗೆ ಮಾತ್ರ ಬೇಲಿ. ಕೈಯಲ್ಲಿ ಹಾಲಿನ ದುಡ್ಡು ಓಡಾಡುವ ಮನೆ ಇದು, ತಿಂಗಳಿಗೊಂದು ಕೆಲಸ ಮಾಡಿಕೊಂಡು ಹೋಗಬಹುದು.

ಬಸವನ ಬಾಗೇವಾಡಿ, ದೇವರ ಹಿಪ್ಪರಗಿ ಸಾಲಿನ ಎರೆ ಹೊಲ, ಎರಡು ಎತ್ತು, ನಾಲ್ಕು ಮೇಕೆ, ಬೋರು ಇಲ್ಲ. ಇವರಿಗೆ ಹೊತ್ತು ನೋಡಿ ಮೇಯಿಸುವುದೇ ಮೊದಲು. ಜೊತೆಗೆ ಒಂದು ಇಳಿಯುವ ದಾರಿ. ಮೇಕೆಗಳನ್ನು ಮಳೆಗಾಲದಲ್ಲಿ ಕಟ್ಟಿ ಸಾಕಲಾಗದಿದ್ದರೆ ಸಸಿ ನೆಡುವ ಖರ್ಚು ಬೇಡ, ಕತ್ತಾಳೆ ಸಾಲು ಹಚ್ಚಿ ಕಾಯಿರಿ.

ಬಾದಾಮಿ, ಹುನಗುಂದ ಕಡೆ ಗಾಯರಾಣದ (ಊರ ಗೋಮಾಳದ) ಮೂಲಕ ಹಳ್ಳ ಹರಿಯುತ್ತದೆ, ಮೇಯುವುದು ಊರ ಎಲ್ಲರ ಕುರಿ. ಇಲ್ಲಿ ಒಬ್ಬರು ಬೇಲಿ ಹಾಕಿ ಪ್ರಯೋಜನವಿಲ್ಲ. ಗ್ರಾಮಸಭೆಯಲ್ಲಿ ಕೂತು, ಇಳಿಯುವ ಎರಡು ಜಾಗ ಗೊತ್ತು ಮಾಡಿ, ಒಂದು ದೊಡ್ಡ ತೊಟ್ಟಿಯನ್ನು ಪಂಚಾಯಿತಿಯಿಂದ ಕಟ್ಟಿಸಿಕೊಳ್ಳುವುದು ದಾರಿ. ಗಾಯರಾಣ ಒತ್ತುವರಿಯಾಗಿದ್ದರೆ ಹಿಂಡೆಲ್ಲ ಹಳ್ಳಕ್ಕೇ ಬರುತ್ತದೆ. 100 ದನಕ್ಕೆ 12 ಹೆಕ್ಟೇರ್ ಅಂದರೆ 30 ಎಕರೆ ಹುಲ್ಲುಗಾವಲು ಬಿಡಬೇಕು ಅಂತ ಕಂದಾಯ ನಿಯಮವೇ ಇದೆ. ಆ ಲೆಕ್ಕವನ್ನೂ ಅದೇ ಸಭೆಯಲ್ಲಿ ಕೇಳಿ.

ಖಾನಾಪುರದ ಪಶ್ಚಿಮಕ್ಕೆ, ಕಣಕುಂಬಿಯ ಕಡೆ ಮಳೆಯ ಲೆಕ್ಕವೇ ಬೇರೆ. ದಂಡೆ ತಿಂಗಳುಗಟ್ಟಲೆ ಹಸಿ, ಹೊತ್ತು ನೋಡಿ ಮೇಯಿಸುವುದು ನಡೆಯುವುದಿಲ್ಲ. ಅಲ್ಲಿ ಬೇಲಿಯೇ ಸರಿ, ಅದೂ ಬಿದಿರು, ಗ್ಲಿರಿಸಿಡಿಯಾದ ಜೀವಂತ ಬೇಲಿ. ನೆಟ್ಟದ್ದೆಲ್ಲ ಬರುವ ಸೀಮೆ ಅದು. ತಂತಿಗೆ ದುಡ್ಡು ಹಾಕುವುದು ದಂಡ.

ಸಸಿ ಬೇಕಾದವರು ಮೇ ತಿಂಗಳಲ್ಲೇ ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ಬರೆಸಿದರೆ ಬದುಕಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಇದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿರಲಿ.

ಯಾವ ಕೆಲಸ ಶುರು ಮಾಡಿದರೂ ಅದಕ್ಕೆ ಮೊದಲು ದಂಡೆಯಿಂದ ಹತ್ತಡಿ ಹಿಂದೆ, ಐವತ್ತು ಹೆಜ್ಜೆಗೊಂದರಂತೆ ಗೂಟ ಹೊಡೆದಿಡಿ. ದೀಪಾವಳಿ ಮುಗಿದ ಮೇಲೆ ಟೇಪು ಹಿಡಿದು ಅಳೆಯಿರಿ. ಎಲ್ಲಿ ಹತ್ತಡಿ ಹತ್ತಡಿಯಾಗಿಯೇ ಉಳಿದಿದೆಯೋ ಅಲ್ಲಿ ಇನ್ನೇನೂ ಖರ್ಚು ಬೇಡ. ಕಡಿಮೆಯಾದ ಕಡೆ ಸಂಕ್ರಾಂತಿ ಹೊತ್ತಿಗೆ ಇನ್ನೊಮ್ಮೆ ನೋಡಿ. ಕರಕಿ ಇಳಿಜಾರಿನಲ್ಲಿ ಕೆಳಗೆ ಹಬ್ಬುತ್ತಿದ್ದರೆ ಒಂದು ವರ್ಷ ತಾಳಿ. ಬೋಳಾಗಿದ್ದರೆ ಆ ಐವತ್ತು ಹೆಜ್ಜೆಗೆ ಮುಂದಿನ ಮಿರಗದ (ಮೃಗಶಿರ) ಮಳೆಗೆ ಮೊದಲು ಬೇಲಿ ಹಾಕಿಸಿ.